ಗೆರೆ ಕೂಡಿದ ಹನ್ನೊಂದು ಚಿತ್ರಗಳು

ಪೊರೆಮನೆ,
ಕ್ರಿ.ಶ. 2431, ಹದಿಮೂರನೇ ತಿಂಗಳ ಐದನೇ ದಿನ

ವಾಗ್ದೇವಿ ಅಜ್ಜಿಯವರಿಗೆ, ಹದಿನೈದು ತಲೆಮಾರಿನ ಆಚೆಯಿಂದ ಪಿಕಳಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ತನ್ನ ತಿಂಗಳುಗಳಲ್ಲಿ ಮುಗಿಯದೆ ಹೋದಾಗ ನಮ್ಮ ಹಿರಿಯರು ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟು ಕೈತೊಳೆದುಕೊಂಡರು. ನನ್ನ ಹೆಸರೂ ವಿಚಿತ್ರವೆನಿಸಬಹುದು. ಈಗ ಇಲ್ಲದ ಹಕ್ಕಿಗಳ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮ ಕಾಲದ ರೂಢಿ. ಭಾಷೆ ಒರಟಾಗಿದ್ದರೆ ಕ್ಷಮಿಸಿ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ, ಮುಂದಿನದಕ್ಕೆ ಕೇಳುವುದಿಲ್ಲ.

ನಮ್ಮಲ್ಲಿ ಮಾತ್ರೆ ನುಂಗುವವರಿಲ್ಲ. ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆಗಳಲ್ಲಿ ಔಷಧ ತುಂಬಿ ರಕ್ತಕ್ಕೆ ಬಿಡುತ್ತೇವೆ. ಅವಕ್ಕೆ ಮದ್ದುಗುಳ್ಳೆ ಎಂದು ಹೆಸರು, ಅವನ್ನು ಮಾಡುವ ಜಾಗವೇ ಪೊರೆಮನೆ. ನಾನು ಇಲ್ಲಿ ಅಳತೆಗಾರ್ತಿ. ಕೆಲಸ ನೀವು ಮಾಡುತ್ತಿದ್ದದ್ದೇ: ಗುಳ್ಳೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಪೊರೆಯ ಎರಡು ಅಂಚಾಗಿ ಕಾಣುವ ಕಪ್ಪು ಗೆರೆಗಳ ನಡುವಿನ ದೂರ ಅಳೆಯುವುದು. ನಾಲ್ಕು ನ್ಯಾನೋಮೀಟರ್ ಬಂದರೆ ಪೊರೆ ಗಟ್ಟಿ, ಗುಳ್ಳೆ ದಾರಿಯಲ್ಲಿ ಒಡೆಯುವುದಿಲ್ಲ.

ಈ ನಾಲ್ಕನ್ನು ಮೊದಲು ಅಳೆದವರು ನೀವು. ನೀವು ಅದನ್ನು ಬರೆದ ಹಾಳೆಗೆ ಚೌಕಟ್ಟು ಹಾಕಿಸಿ ಇಲ್ಲಿನ ಗೋಡೆಗೆ ತೂಗುಹಾಕಿದ್ದಾರೆ. ಆಯುಧಪೂಜೆಯ ದಿನ ಯಂತ್ರಕ್ಕಿಂತ ಮೊದಲು ಅದಕ್ಕೇ ಕುಂಕುಮ. ಹೊಸಬರಿಗೆ ಮೊದಲ ಪಾಠ: ಕಂಡ ಗೆರೆ ಅಳೆ, ಕೂಡಿದ ಗೆರೆ ಬಿಡು. ಎರಡು ಗೆರೆ ಸೇರಿ ಒಂದಾಗಿ ಕಂಡರೆ ಫೋಕಸ್ ತಪ್ಪಿದೆ ಎಂದೇ ಅರ್ಥ, ಆ ಚಿತ್ರ ಲೆಕ್ಕಕ್ಕಿಲ್ಲ. ಯಾಕೆ ಎಂದು ಕೇಳಿದವರಿಗೆ ಗೋಡೆಯ ಕಡೆ ಕೈ ತೋರಿಸಿದರೆ ಮುಗಿಯಿತು. ನಿಮ್ಮ ವಂಶದವಳೆಂಬ ಜಂಬದಲ್ಲಿ ನಾನೂ ಎಷ್ಟೋ ಮಂದಿಗೆ ತೋರಿಸಿದ್ದೇನೆ.

ನನ್ನ ಮಗಳು ಮಿಂಚುಳ್ಳಿಗೆ ಹನ್ನೊಂದು ವರ್ಷ. ಮೂಳೆಯೊಳಗಿನ ಕಾಯಿಲೆ. ಅದರ ಔಷಧ ಮೂಳೆ ಸೇರಿದರೆ ಅಮೃತ, ದಾರಿಯಲ್ಲಿ ಚೆಲ್ಲಿದರೆ ವಿಷ. ಅವಳ ಮದ್ದುಗುಳ್ಳೆಗಳನ್ನು ಬೇರೆಯವರ ಕೈಗೆ ಬಿಡದೆ ನಾನೇ ಅಳೆದೆ. ನಲವತ್ತು ಚಿತ್ರಗಳಲ್ಲಿ ಒಂಬತ್ತರಲ್ಲಿ ಗೆರೆ ಕೂಡಿತ್ತು. ಬಿಟ್ಟೆ. ಉಳಿದವು ಅಚ್ಚುಕಟ್ಟಾಗಿ ನಾಲ್ಕು ಕೊಟ್ಟವು. ಸಹಿ ಹಾಕಿದೆ. ಸೂಜಿ ಕಂಡರೆ ಅಳುವ ಹುಡುಗಿ ಆ ದಿನ ತಾನಾಗಿಯೇ ತೋಳು ಚಾಚಿ, "ನೀನೇ ಅಳೆದದ್ದಲ್ವಾ ಅಮ್ಮ? ಹಾಗಾದ್ರೆ ನಂಗೆ ಹೆದರಿಕೆ ಇಲ್ಲ" ಅಂದಳು. ಗುಳ್ಳೆಗಳು ರಕ್ತದಲ್ಲೇ ಒಡೆದವು. ಐದನೇ ದಿನ ಅವಳು ಹೋದಳು.

ಈ ಸಲದ ಆಯುಧಪೂಜೆಗೆ ಕುಂಕುಮದ ಬಟ್ಟಲು ಹಿಡಿದು ನಿಂತವಳಿಗೆ ಹಚ್ಚಲು ಮನಸ್ಸು ಬರಲಿಲ್ಲ. ಚೌಕಟ್ಟನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದೆ. ಗಾಜು ಒಡೆದು ಹಾಳೆ ಮಗುಚಿತು. ಹಿಂಬದಿಯಲ್ಲಿ ನಿಮ್ಮದೇ ಗುಂಡು ಅಕ್ಷರ: "ಹನ್ನೊಂದು ಚಿತ್ರಗಳಲ್ಲಿ ಗೆರೆ ಕೂಡಿದೆ. ಫೋಕಸ್ ಸರಿಯಿದೆ, ಎರಡು ಸಲ ನೋಡಿದೆ. ಅಲ್ಲಿ ಪೊರೆ ನಿಜಕ್ಕೂ ತೆಳ್ಳಗಿರಬಹುದು. ಸದ್ಯಕ್ಕೆ ಬಿಟ್ಟಿದ್ದೇನೆ."

ಸದ್ಯಕ್ಕೆ. ನಿಮ್ಮ ಸದ್ಯ ನಾನೂರು ವರ್ಷ ನಡೆಯಿತು, ಅಜ್ಜಿ. ನಿಮಗೆ ಅನುಮಾನ ಬಂದಿತ್ತು, ಬರೆದೂ ಇಟ್ಟಿರಿ, ಆದರೆ ಯಾರೂ ತಿರುಗಿಸದ ಬದಿಯಲ್ಲಿ. ಅದನ್ನು ಓದಿದ ಮೇಲೆ ನನ್ನ ಒಂಬತ್ತು ಚಿತ್ರಗಳನ್ನು ಹುಡುಕಿ ತೆಗೆದೆ. ಅವುಗಳ ಫೋಕಸ್ಸೂ ಸರಿಯಿತ್ತು. ನೀವಾದರೂ ಎರಡು ಸಲ ನೋಡಿದ್ದಿರಿ. ನಾನು ಒಂದು ಸಲವೂ ನೋಡಿರಲಿಲ್ಲ. ನಿಮ್ಮನ್ನು ಬೈದು ಹಗುರಾಗೋಣವೆಂದು ಕೂತವಳು ಈ ಸಾಲನ್ನು ನನ್ನ ಹೆಸರಿಗೇ ಬರೆದುಕೊಳ್ಳುತ್ತಿದ್ದೇನೆ.

ಒಂದೇ ಕೋರಿಕೆ. ಆ ಹನ್ನೊಂದನ್ನು ಮುಂಬದಿಯಲ್ಲಿ, ನಾಲ್ಕರ ಪಕ್ಕದಲ್ಲೇ ಬರೆಯಿರಿ. ನೋಡಲು ಚೆನ್ನಾಗಿರದಿದ್ದರೂ ಬರೆಯಿರಿ.

ಬರೆಯಲಿಲ್ಲವೆಂದು ನನಗೆ ಗೊತ್ತು. ಈ ಪತ್ರ ನಿಮಗೆ ಸಿಕ್ಕಿದ್ದರೆ ಮಿಂಚುಳ್ಳಿ ಈಗ ಪಕ್ಕದಲ್ಲಿ ಕೂತು ನನ್ನ ಅಕ್ಷರವನ್ನು ಆಡಿಕೊಳ್ಳುತ್ತಿದ್ದಳು. ಹಾಗಾಗಿ ಇದನ್ನು ನಿಮ್ಮ ಹಾಳೆ ಇದ್ದ ಮೊಳೆಗೇ ತೂಗುಹಾಕುತ್ತೇನೆ, ಎರಡೂ ಬದಿಗೆ ಗಾಜು ಹಾಕಿಸಿ. ಹಿಂಬದಿಯಲ್ಲಿ ಆ ಒಂಬತ್ತು ಚಿತ್ರಗಳನ್ನು ಅಂಟಿಸಿದ್ದೇನೆ, ಕೆಳಗೆ ನನ್ನ ಸಹಿಯಿದೆ.

ಪಿಕಳಾರ