ಕೆಸರು ಹಿಂದಕ್ಕೆ ಹಾರಿದ ಹಾಡು

ದೊಡ್ಡಮ್ಮ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದೇನೆಂದು ನಿನಗೆ ನಗು ಬರಬಹುದು. ಆದರೆ ಎದುರಿಗೆ ನಿಂತು ಎರಡು ಒಳ್ಳೆಯ ಮಾತು ಆಡಲು ಹೋದರೆ, ತುಂಬಿದ ಬಸ್ಸಿಗೆ ಹತ್ತಲು ಬಂದವರನ್ನು ತಡೆದ ಹಾಗೆ ಅಂಗೈ ಎತ್ತಿ ತಡೆದುಬಿಡುತ್ತೀಯ. ಕಾಗದಕ್ಕೆ ಹಾಗೆ ಕೈ ಅಡ್ಡ ಹಿಡಿಯಲು ಆಗುವುದಿಲ್ಲ. ನೀನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಬರೆದು ಮುಗಿಸುತ್ತೇನೆ.

ನಿನ್ನೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಹಾಡಿನ ವಿಡಿಯೋ ಮುಗಿದು ದೀಪ ಹತ್ತಿದಾಗ ಜನ ಎದ್ದು ನಿಂತರು. ನೀನು ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿದೆ, ಯಾರೋ ದೊಡ್ಡವರು ಬಂದಿರಬೇಕು ಎನ್ನುವಂತೆ. ಯಾರೂ ಬಂದಿರಲಿಲ್ಲ ದೊಡ್ಡಮ್ಮ. ಅವರು ಎದ್ದದ್ದು ನಿನಗಾಗಿ.

ಇಪ್ಪತ್ತು ವರ್ಷಕ್ಕೂ ಮೇಲೆ ನೀನು ಕಂಡಕ್ಟರ್ ಆಗಿದ್ದೆ. ನೀನು ನಿಲ್ದಾಣದ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರು ಮಾತ್ರವಲ್ಲ, ಪಕ್ಕದ ಬಸ್ಸಿನವರೂ ಎದ್ದು ಇಳಿಯುತ್ತಾರೆ ಎಂದು ಅಮ್ಮ ಚುಡಾಯಿಸುತ್ತಿದ್ದಳು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಪಿಸುಮಾತು. ಡಿಪೋದವರು ನಿನ್ನನ್ನು ಬಸ್ಸು ತೊಳೆಯುವ ಅಂಗಳದ ಮೇಲ್ವಿಚಾರಣೆಗೆ ಹಾಕಿದರು. ಅಲ್ಲಿ ನೀನು ಸೀಟಿ ಊದಿ, ಕೈಸನ್ನೆ ಮಾಡಿ ಕೆಲಸ ನಡೆಸಿದೆ. ಮನೆಯ ಹೊರಗೆ ಯಾರೊಂದಿಗೂ ಮಾತು ಬೇಡವಾಯಿತು. ನೀನು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟಿಯೇ ಉತ್ತರ ಕೊಡುತ್ತಿದ್ದರು. ಅಂಗಡಿಯವನು, ಡಾಕ್ಟರು, ನಿನ್ನ ಹಳೆಯ ಡ್ರೈವರ್ ಕೂಡ. ಒಮ್ಮೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದೆ: "ಹೋಗಿದ್ದು ನನ್ನ ಗಂಟಲು. ಇವರಿಗೇನಾಗಿದೆ ರೋಗ?" ಇನ್ನೊಮ್ಮೆ, "ಈ ವರ್ಷ ಮುಗೀಲಿ, ಕೆಲಸ ಬಿಟ್ಟು ಮನೇಲಿ ಕೂತ್ಕೋತೀನಿ. ಗೋಡೆಗಳು ಪಾಪ ಅನ್ನಲ್ಲ" ಎಂದೆ. ಅಮ್ಮ ನಿನ್ನೊಂದಿಗೆ ವಾದ ಮಾಡಿದಳು. ನಾನು ಮಾಡಲಿಲ್ಲ. ನಿನ್ನ ಮುಖ ನೋಡಿದರೆ ನೀನಾಗಲೇ ಅರ್ಧ ಹೊರಟುಹೋಗಿದ್ದೀಯ ಎನಿಸುತ್ತಿತ್ತು.

ಆ ಹೊತ್ತಿಗೇ ನಮ್ಮ ಕೊನೆಯ ವರ್ಷದ ಕೆಲಸ ಶುರುವಾಗಿತ್ತು. ತಂಡಕ್ಕೊಂದು ಹಾಡಿನ ವಿಡಿಯೋ. ನಮ್ಮ ಹಾಡು ತಂಡದ ಗೆಳತಿ ಗುಬ್ಬಿ ಹಾಡಿದ್ದು. ಆಳು ಅಂಗೈಯಗಲ, ದನಿ ಮಾತ್ರ ಊರಗಲ ಎಂದು ಅವಳ ಬಗ್ಗೆ ನೀನೇ ಅಂದಿದ್ದೆ. ವಿಡಿಯೋದ ಉಪಾಯ ನನ್ನದು. ಇಡೀ ಹಾಡನ್ನು ಒಂದೇ ಶಾಟ್‌ನಲ್ಲಿ ಚಿತ್ರಿಸಿ ಅದನ್ನು ಹಿಂದುಮುಂದಾಗಿ ಓಡಿಸುವುದು. ನೆಲಕ್ಕೆ ಬಿದ್ದ ನೀರು ಎದ್ದು ಬಕೆಟ್ಟಿಗೆ ಹೋಗುತ್ತದೆ, ಆದರೆ ಹಾಡುವವಳ ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದಿರುತ್ತದೆ. ಹಾಗಾಗಬೇಕಾದರೆ ಚಿತ್ರೀಕರಣದ ಹೊತ್ತಿಗೆ ಹಾಡನ್ನು ತಿರುಗಿಸಿ ಹಾಕಬೇಕು, ಅವಳು ಹಿಂದೆ ಹಿಂದೆ ನಡೆಯುತ್ತಾ ಆ ತಿರುಗಿಸಿದ ಹಾಡಿಗೆ ತುಟಿ ಆಡಿಸಬೇಕು.

ತಿರುಗಿಸಿದ ಹಾಡು ಹೇಗಿರುತ್ತದೆಂದು ನಿನಗೆ ಗೊತ್ತು. ಯಾರೋ ಉಸಿರು ಒಳಕ್ಕೆಳೆದುಕೊಳ್ಳುತ್ತಾ ಬೈಯುತ್ತಿರುವ ಹಾಗೆ. ಕೆಳಗಿನ ಮನೆಯ ಅಜ್ಜಿ ಬಂದು, "ಹುಡುಗೀಗೆ ಮೈಮೇಲೆ ಏನಾದ್ರೂ ಬಂದಿದೆಯಾ?" ಎಂದು ಕೇಳಿದ್ದರು. ಗುಬ್ಬಿ ನಮ್ಮ ಅಡುಗೆಮನೆಯಲ್ಲಿ ಒಂದು ವಾರ ಪ್ರಯತ್ನಿಸಿದಳು. ನಾಲ್ಕು ಹೆಜ್ಜೆ ಹಿಂದಕ್ಕೆ ಇಡುವಷ್ಟರಲ್ಲಿ ಏನನ್ನಾದರೂ ಎಡವುವಳು, ಇಲ್ಲವೇ ನಗುವಳು. ನೀನು ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕುಳಿತಿದ್ದೆ. ಒಂದು ದಿನ ನಾನು ಸುಮ್ಮನೆ ನಿನ್ನ ಕಡೆ ನೋಡಿದೆ. ನಿನ್ನ ತುಟಿ ಆಡುತ್ತಿತ್ತು. ಗುಬ್ಬಿ ತಪ್ಪಿದ ಕಡೆಯೂ ನೀನು ತಪ್ಪಲಿಲ್ಲ.

ನಾನು ಏನೂ ಹೇಳದೆ ಫೋನ್ ಎತ್ತಿ ಚಿತ್ರಿಸಿದೆ. ಆಮೇಲೆ ತಿರುಗಿಸಿ ನಿನಗೆ ತೋರಿಸಿದೆ. ಆ ಚಿಕ್ಕ ಪರದೆಯಲ್ಲಿ ಬೆಳ್ಳುಳ್ಳಿಯ ಸಿಪ್ಪೆ ಹಾರಿ ಬಂದು ಎಸಳಿಗೆ ಅಂಟಿಕೊಳ್ಳುತ್ತಿತ್ತು, ನೀನು ತುಂಬುಗಂಟಲಲ್ಲಿ ಹಾಡುತ್ತಿದ್ದೆ. "ಇನ್ನೊಂದು ಸಲ ಹಾಕು" ಎಂದೆ. ನಾನು ಹಾಕಿದೆ. ನೀನು ಕೈ ಒರೆಸಿಕೊಂಡು ಮತ್ತೆ ಅದನ್ನೇ ಅಂದೆ.

ಆದರೆ ಕ್ಯಾಮೆರಾದ ಮುಂದೆ ಬಾ ಎಂದಾಗ ನಿನಗೆ ಸಿಟ್ಟು ಬಂತು. "ಮಾತೇ ಇಲ್ಲದವಳ ಕೈಲಿ ಹಾಡಿಸ್ತೀಯಾ? ಡಿಪೋದವರ ಬಾಯಿಗೆ ಹಾಕ್ತೀಯಾ ನನ್ನ?" ನಾನು, ದನಿ ಗುಬ್ಬಿಯದು, ನಿನ್ನ ಬಾಯಿ ಸಾಕು ಎಂದೆ. "ನನಗೊಂದು ಬಾಯಿದೆ ಅನ್ನೋದೇ ಜನಕ್ಕೆ ಮರ್ತುಹೋಗಿದೆ" ಎಂದು ಎದ್ದು ಹೋದೆ. ಎರಡು ದಿನ ಆ ಸುದ್ದಿಯೇ ಇಲ್ಲ. ಮೂರನೆಯ ದಿನ ಬಾಗಿಲಲ್ಲಿ ನಿಂತು ಕೇಳಿದೆ: "ಹಳೇ ಯೂನಿಫಾರ್ಮಾ, ಬೇರೆ ಬಟ್ಟೆನಾ?"

ಬಸ್ಸು ತೊಳೆಯುವ ಅಂಗಳವೇ ನಮ್ಮ ಸೆಟ್ ಆಯಿತು. ಅಲ್ಲಿ ನಾವು ಮಾಡಿದ ಮೂರ್ಖತನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಕೊಳಕು ಬಸ್ಸನ್ನು ತೊಳೆಯುವುದನ್ನು ಪ್ರಯೋಗಕ್ಕೆಂದು ಚಿತ್ರಿಸಿ ತಿರುಗಿಸಿದೆವು. ಫಳಫಳ ಹೊಳೆಯುವ ಬಸ್ಸನ್ನು ನಾಲ್ಕು ಜನ ಸೇರಿ ಶ್ರದ್ಧೆಯಿಂದ ಗಲೀಜು ಮಾಡುತ್ತಿದ್ದರು. ಡಿಪೋ ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡು, "ಇದನ್ನ ಮೇಲಿನವರು ನೋಡಿದ್ರೆ ನಮ್ಮ ಕೆಲಸಾನೇ ಇದು ಅಂದ್ಕೋತಾರೆ" ಎಂದರು. ಹಾಗಾದರೆ ತೆರೆಯ ಮೇಲೆ ಬಸ್ಸು ಚೊಕ್ಕಟವಾಗಬೇಕೆಂದರೆ ನಾವು ಚೊಕ್ಕಟ ಬಸ್ಸಿಗೆ ಕೆಸರು ಎರಚಬೇಕು. ಇದನ್ನು ಅವರಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ನೀನು ಅವರ ಕಿವಿಯಲ್ಲಿ ಏನೋ ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಒಂದೇ ಬಸ್ಸು, ಒಂದೇ ಸಲ. ಮಧ್ಯಾಹ್ನ ಅದು ತೊಳೆದುಕೊಂಡು ರಸ್ತೆಗೆ ಹೋಗಬೇಕು" ಎಂದರು.

ಪೈಪು ಹಿಡಿಯುವವನು ಎಂದು ಎಲ್ಲರೂ ಪೈಪಣ್ಣ ಎಂದು ಕರೆಯುವ ಆ ದಢೂತಿ ಮನುಷ್ಯನ ಮುಖ ಆಗ ನೋಡಬೇಕಿತ್ತು. "ಅಕ್ಕಾ, ನಿಜವಾಗ್ಲೂ ಎರಚೋದಾ? ಆಮೇಲೆ ಬೈಯಲ್ಲ ತಾನೇ?" ನೀನು ಇಲ್ಲವೆಂದು ತಲೆಯಾಡಿಸಿದೆ. "ಕೆಲಸಕ್ಕೆ ಸೇರಿದ ದಿನದಿಂದ ಇದ್ದ ಆಸೆ" ಎಂದು ಅವನು ಬಕೆಟ್ ಕಲಕಿದ.

ತಿರುಗಿಸಿದ ಹಾಡು ಶುರುವಾಯಿತು. ನೀನು ಬಸ್ಸಿನ ಮೆಟ್ಟಿಲಿಂದ ಹಿಂದಕ್ಕೆ ಇಳಿದೆ, ಎಲ್ಲಿಯೂ ಹಿಡಿದುಕೊಳ್ಳದೆ. ಓಡುವ ಬಸ್ಸಿನಲ್ಲಿ, ಜನರ ನಡುವೆ, ಬೆನ್ನು ಹಾಕಿಕೊಂಡೇ ನಡೆದು ಟಿಕೆಟ್ ಕೊಟ್ಟ ಕಾಲು ಅದು. ನೀನು ದಾಟಿದ ಹಾಗೆ ಒಂದೊಂದೇ ಬಕೆಟ್ ಕೆಸರು ಬಸ್ಸಿಗೆ ಅಪ್ಪಳಿಸಿತು. ಅರ್ಧ ಹಾಡು ಸರಿಯಾಗಿ ಹೋಯಿತು. ಆಗ ಪೈಪಣ್ಣನ ಉತ್ಸಾಹ ಹೆಚ್ಚಾಗಿ ಅವನ ಬಕೆಟ್ ಬಸ್ಸಿಗೆ ಹೋಗದೆ ನಿನ್ನ ಮುಖಕ್ಕೆ ಬಂತು. ಹುಬ್ಬಿನಿಂದ ಗಲ್ಲದವರೆಗೆ ಕೆಸರು. ಕ್ಯಾಮೆರಾದವನು "ಮುಗೀತು" ಎಂದು ಗೊಣಗಿದ, ಆದರೆ ಕ್ಯಾಮೆರಾ ಇಳಿಸಲಿಲ್ಲ, ಯಾಕೆಂದರೆ ನೀನು ನಿಲ್ಲಿಸಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದು ಲೆನ್ಸಿನ ಮೇಲಿತ್ತು. ಕೆಸರು ಬಾಯೊಳಕ್ಕೆ ಇಳಿಯುತ್ತಿತ್ತು. ತುಟಿ ಒಂದು ಅಕ್ಷರವನ್ನೂ ಬಿಡಲಿಲ್ಲ. ನಾನು ನಿನ್ನನ್ನು ನಿಲ್ಲಿಸಬೇಕಿತ್ತೇನೋ. ನಿಲ್ಲಿಸಲು ನಾನು ಯಾರು ಎಂದೂ ಅನಿಸಿತು.

ಹಾಡು ಮುಗಿದ ಮೇಲೆ ಪೈಪಣ್ಣ ಅಳುವುದೊಂದು ಬಾಕಿ. "ಅಕ್ಕಾ, ಕೈ ಜಾರ್ತು." ನೀನು ಉಗುಳಿ, ಅವನನ್ನು ಹತ್ತಿರ ಕರೆದು ಪಿಸುಗುಟ್ಟಿದೆ: "ಜಾರಿದ್ದಲ್ಲ ಕಣೋ. ಎರಡು ವರ್ಷ ನಾನು ಸೀಟಿ ಊದಿದ್ದಕ್ಕೆ ಬಡ್ಡಿ ಸಮೇತ ಕೊಟ್ಟೆ." ಆಮೇಲೆ ನನ್ನ ಕಡೆ ತಿರುಗಿ, "ಬಿಸಾಕು ಅದನ್ನ. ಈ ಮುಖ ಯಾರಿಗೂ ಬೇಡ" ಎಂದೆ.

ವಿಶ್ರಾಂತಿ ಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಲ್ಲೇ ತಿರುಗಿಸಿ ನೋಡಿದೆವು. ಕೆಸರು ಮೆತ್ತಿದ ಬಸ್ಸು, ಕೆಸರು ಮೆತ್ತಿದ ಹೆಂಗಸು. ಅವಳು ನಡೆದು ಬರುತ್ತಾ ಹಾಡುತ್ತಾಳೆ. ಹಾಡು ನಡುವಿನ ಏರಿಗೆ ಬಂದಾಗ ಅವಳ ಮುಖದ ಕೆಸರೆಲ್ಲ ಒಮ್ಮೆಗೇ ಕಿತ್ತುಕೊಂಡು ಗಾಳಿಗೆ ಹಾರುತ್ತದೆ. ಒಳಗಿಂದ ನೀನು ಬರುತ್ತೀಯ, ಚೊಕ್ಕ ಮುಖ, ಎರಡೂ ಕಣ್ಣು ತೆರೆದು, ಹಾಡುತ್ತಲೇ. ನೀನು ನಡೆದ ಕಡೆಯೆಲ್ಲ ಬಸ್ಸು ಬೆಳಗುತ್ತದೆ. ಕೊನೆಗೆ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತೀಯ. ನೀನು ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು, "ಇದು ಇರ್ಲಿ" ಎಂದೆ.

ಅದು ಗೆದ್ದಿತೆಂದು ನನಗೆ ಆಗಲೇ ಗೊತ್ತಿತ್ತು. ನೀನು ಗೆದ್ದೆಯೋ ಇಲ್ಲವೋ ಗೊತ್ತಿರಲಿಲ್ಲ. ಅದಕ್ಕೇ ನಿನ್ನೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಮೇಡಂ, ಒಂದು ಸಾಲು ಹಾಡಿ" ಎಂದಾಗ ನಾನು ಹೆದರಿದೆ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ ಡಿಪೋದವರೆಲ್ಲ ತಲೆ ತಗ್ಗಿಸಿದರು. ಉತ್ತರ ಹೇಳಲು ನಾನು ಎದ್ದೆ, ಗುಬ್ಬಿಯೂ ಎದ್ದಳು. ನೀನು ನಮ್ಮಿಬ್ಬರನ್ನೂ ದಾಟಿ ಹೋಗಿ ಮೈಕ್ ತೆಗೆದುಕೊಂಡೆ. ತುಟಿಗೆ ತಾಗುವಷ್ಟು ಹತ್ತಿರ ಹಿಡಿದೆ.

"ಹಾಡಿದ್ದು ಈ ಹುಡುಗಿ. ನಾನು ಕೆಸರು ತಿಂದವಳು."

ಪಿಸುಮಾತು ಇಡೀ ಸಭಾಂಗಣ ತುಂಬಿತು, ಕೊನೆಯ ಸಾಲಿನವರೆಗೂ. ಆಮೇಲೆ ನಗು, ಮೊದಲು ನಕ್ಕವನು ಪೈಪಣ್ಣನೇ. ಜನ ಪ್ರಶ್ನೆ ಕೇಳಿದರು, ನೀನು ಹೇಳಿದೆ. ಅವರು ದೊಡ್ಡ ದನಿಯಲ್ಲಿ ಕೇಳಿದರು, ನೀನು ನಿನ್ನ ದನಿಯಲ್ಲಿ ಹೇಳಿದೆ. ಯಾರೂ ಪಿಸುಗುಟ್ಟಲಿಲ್ಲ. ಸಾಕು ಎಂದು ಮ್ಯಾನೇಜರ್ ಎರಡು ಸಲ ಗಡಿಯಾರ ತೋರಿಸಿದರು. ನೀನು ನೋಡದವಳಂತೆ ಇದ್ದೆ.

ಇವತ್ತು ಬೆಳಿಗ್ಗೆ ನಿನ್ನ ಫೋನ್ ಬಡಿದುಕೊಂಡಿತು, ಡಿಪೋದಿಂದ. ರೂಢಿಯಂತೆ ನಿನ್ನ ಪರವಾಗಿ ಮಾತಾಡಲು ನಾನು ಕೈ ಚಾಚಿದೆ. ನೀನೇ ಎತ್ತಿಕೊಂಡೆ. ಆ ಕಡೆಯವರು "ಹಲೋ, ಏನೂ ಕೇಳಿಸ್ತಿಲ್ಲ" ಎಂದು ಕೂಗುವುದು ನನಗೂ ಕೇಳಿಸಿತು. ನೀನು ಇಡಲಿಲ್ಲ. "ಬಸ್ಸಿನ ಇಂಜಿನ್ ಆಫ್ ಮಾಡಿಸು, ಕೇಳಿಸುತ್ತೆ" ಎಂದೆ. ಮಾಡಿಸಿದರೆಂದು ಕಾಣುತ್ತದೆ. ಆಮೇಲೆ ಬಹಳ ಹೊತ್ತು, ಮುಂದಿನ ವರ್ಷದ ಡ್ಯೂಟಿಯಲ್ಲಿ ಯಾರಿಗೆ ಯಾವ ಪಾಳಿ ಎಂದು ಜಗಳವಾಡಿದೆ. ನಿನಗೆ ಬೆಳಗಿನ ಪಾಳಿಯೇ ಬೇಕಂತೆ.

ಆ ಜಗಳದಲ್ಲಿ ನೀನೇ ಗೆಲ್ಲು. ನಿನ್ನ ಮಾತು ಎಷ್ಟು ಮೆತ್ತಗಿದ್ದರೂ, ಅದನ್ನು ಕೇಳುವುದಕ್ಕೆ ಲೋಕ ಸುಮ್ಮನಾಗುತ್ತಿರಲಿ.

ನಿನ್ನ ತಂಗಿಯ ಮಗಳು