ನಿಮ್ಮ ಸ್ಪೀಕರ್ ಮತ್ತೆ ಮಾತು ನಿಲ್ಲಿಸಿದೆ, ಮೇಘನಜ್ಜಿ

ಗದಗ
ಫೆಬ್ರವರಿ ೩೦, ೨೧೬೩, ಮಧ್ಯಾಹ್ನ

ಮೇಘನಜ್ಜಿಗೆ ನಮಸ್ಕಾರಗಳು.

ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೇ ತಾರೀಖು ಇರಲಿಲ್ಲವಂತೆ. ನಮ್ಮಲ್ಲಿ ಇದೆ, ಕಾಲೇಜಿಗೆ ಅಂದು ರಜೆ. ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ತಲುಪುವಾಗ ನಿಮಗೆ ಇನ್ನೂ ಇಪ್ಪತ್ತಾರು ವರ್ಷವಿರಬಹುದು. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನಾನು ನಿಮ್ಮ ಮರಿಮಗಳ ಮೊಮ್ಮಗಳು, ಸುನಯನಾ, ಡಿಗ್ರಿ ಮೊದಲ ವರ್ಷ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳಾದ್ದರಿಂದ ನನ್ನ ಕನ್ನಡ ಅರ್ಧ ಇಂಗ್ಲಿಷು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಸ್ಪೀಕರಿನಿಂದ ನನ್ನ ತಲೆ ಕೆಟ್ಟುಹೋಗಿದೆ.

ಈಗ ಯಾರ ದನಿಯನ್ನು ಬೇಕಾದರೂ ಯಂತ್ರವೇ ಹುಟ್ಟಿಸುತ್ತದೆ. ತೀರಿಹೋದವರು ಕೂಡ ದಿನಾ ಬೆಳಿಗ್ಗೆ ಹವಾಮಾನ ಹೇಳುತ್ತಾರೆ. ಅದಕ್ಕೇ ಈ ಹಾಸ್ಟೆಲಿಗೆ ಸೇರುವ ಪ್ರತಿಯೊಬ್ಬಳೂ 'ದನಿಸಾಕ್ಷಿ' ಕೊಡಬೇಕು. ಅಂದರೆ ಮನೆಯ ಹಿರಿಯರೊಬ್ಬರ ನಿಜವಾದ ದನಿಯನ್ನು, ಅವರು ಬಳಸಿದ ಯಂತ್ರದಲ್ಲೇ, ಹಾಲ್‌ನಲ್ಲಿ ಎಲ್ಲರೆದುರು ಕೇಳಿಸಬೇಕು. ಮೂರು ಚಾನ್ಸ್. ಮೂರರಲ್ಲೂ ಕೇಳಿಸದಿದ್ದರೆ ಸೀಟು ವೇಟಿಂಗ್ ಲಿಸ್ಟಿನವಳಿಗೆ ಹೋಗುತ್ತದೆ. ನನ್ನವು ಎರಡು ಮುಗಿದಿವೆ. ಮೂರನೆಯದು ನಾಳೆ ಸಂಜೆ ನಾಲ್ಕಕ್ಕೆ.

ನಿಮ್ಮಿಂದ ನಮಗೆ ಉಳಿದು ಬಂದದ್ದು ಟಿವಿಗೆ ಸಿಕ್ಕಿಸುವ ಅಂಗೈಯಗಲದ ಕಪ್ಪು ಡಬ್ಬಿ, ವೈರಿಲ್ಲದ ಎರಡು ಸ್ಪೀಕರ್, ಮತ್ತು ಒಂದು ಪೆನ್‌ಡ್ರೈವ್. ಅದರಲ್ಲಿರುವುದು ಹನ್ನೊಂದು ಸೆಕೆಂಡಿನ ವಿಡಿಯೊ. ಹೊಸ ಸ್ಪೀಕರ್ ಪಕ್ಕದಲ್ಲಿ ನಿಂತು ನೀವು "ಅಮ್ಮಾ, ಅಡುಗೆಮನೆಗೆ ಕೇಳಿಸ್ತಾ ಇದೆಯಾ?" ಎನ್ನುತ್ತೀರಿ. ಒಳಗಿನಿಂದ "ಕೇಳಿಸ್ತಾ ಇದೆ ಕಣೇ, ಕಮ್ಮಿ ಮಾಡು!" ಎಂಬ ಉತ್ತರ ಬರುತ್ತದೆ. ನಿಮ್ಮ ದನಿ ಈ ಜಗತ್ತಿನಲ್ಲಿ ಉಳಿದಿರುವುದು ಅಷ್ಟೇ.

ರೂಮಿನಲ್ಲಿ ಪರೀಕ್ಷಿಸಿದಾಗಲೆಲ್ಲ ಚೆನ್ನಾಗಿಯೇ ಕೇಳಿಸುತ್ತಿತ್ತು. ಇಲ್ಲಿ ಬೆಲೆಬಾಳುವ ಯಾವ ವಸ್ತುವನ್ನೂ ಹೊರಗಿಡುವಂತಿಲ್ಲ, ತಗಡಿನ ಟ್ರಂಕಿನೊಳಗೆ ಇಡಬೇಕೆಂದು ನಿಯಮ. ಹಾಗಾಗಿ ಟ್ರಂಕನ್ನೇ ಹಾಲ್‌ಗೆ ಹೊತ್ತೊಯ್ದೆ, ಹಿಂದಿನ ತೂತಿನಿಂದ ವೈರುಗಳನ್ನು ಎಳೆದು ಟಿವಿಗೂ ಪ್ಲಗ್ಗಿಗೂ ಸೇರಿಸಿದೆ, ಡಬ್ಬಿಯನ್ನು ಒಳಗೇ ಇಟ್ಟು ಬೀಗ ಹಾಕಿದೆ. ಸ್ಪೀಕರುಗಳಿಗೆ ಮಾತ್ರ ವಿನಾಯಿತಿ, ಅವನ್ನು ಟಿವಿಯ ಪಕ್ಕದಲ್ಲಿಟ್ಟೆ. ಪರದೆಯ ಮೇಲೆ ನೀವು ಬಂದಿರಿ, ತುಟಿ ಆಡಿಸಿದಿರಿ. ಸ್ಪೀಕರ್ ಮಾತ್ರ "ಅಮ್" ಎಂದು ಸುಮ್ಮನಾಯಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಏನಲೇ ಸುನಿ, ನಿಮ್ಮಜ್ಜೀದು ಇವತ್ತ ಮೌನವ್ರತ ಏನು?" ಇಡೀ ಹಾಲ್ ನಕ್ಕಿತು. ಎರಡನೇ ಸಲ "ಅಮ್" ಕೂಡ ಬರಲಿಲ್ಲ.

ಆಮೇಲೆ ನಾನು ಮಾಡದ ಪ್ರಯತ್ನವಿಲ್ಲ. ಸ್ಪೀಕರುಗಳ ಹೆಸರನ್ನು ಡಬ್ಬಿಯಿಂದ ಅಳಿಸಿ ಮತ್ತೆ ಜೋಡಿಸಿದೆ. ರೀಸೆಟ್ ಗುಂಡಿಯನ್ನು ಸೂಜಿಯಿಂದ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡೆ. ತುಂಬಾ ಚಾರ್ಜ್ ಮಾಡಿದೆ. ಸಿಗ್ನಲ್ ಕದಿಯುತ್ತಿದೆ ಎಂದು ಮೆಸ್ಸಿನ ರೊಟ್ಟಿ ಯಂತ್ರದ ಮೇಲೆ ಅನುಮಾನಪಟ್ಟು, ಅಡುಗೆಯವರ ಜೊತೆ ಜಗಳವಾಡಿ ಅದನ್ನು ನಿಲ್ಲಿಸಿದೆ. ಅಂದು ಎಲ್ಲರಿಗೂ ಬರೀ ಅನ್ನ. ರೂಮ್‌ಮೇಟ್ ಫರ್ಜಾನಾ ಮೆಣಸಿನಕಾಯಿ ತಂದು "ತಡೀ, ದೃಷ್ಟಿ ತೆಗೀತೀನಿ" ಎಂದು ನಿವಾಳಿಸಿ ಸುಟ್ಟಳು. ಇಬ್ಬರೂ ಅರ್ಧ ಗಂಟೆ ಕೆಮ್ಮಿದೆವು. ಪ್ರತಿ ರಿಪೇರಿಯ ನಂತರವೂ ರೂಮಿನಲ್ಲಿ ಸರಿಯಾಗಿ ಕೇಳಿಸುತ್ತಿತ್ತು. ಹಾಳಾದ್ದು ಎಲ್ಲಿ ಕೆಟ್ಟಿದೆ ಎಂದಾದರೂ ಹೇಳಬಾರದೇ? ಈಗ ಅದೂ ಹೋಯಿತು. ಪತ್ರ ಶುರುಮಾಡುವ ಮೊದಲು ಇದೇ ರೂಮಿನಲ್ಲಿ ನಿಮ್ಮ ವಿಡಿಯೊ ತಿರುತಿರುಗಿ ಓಡುತ್ತ ಕೇಳಿಸುತ್ತಿತ್ತು. ಬರೆಯಲು ಕೂತಂತೆ ನಿಂತುಹೋಗಿದೆ. ನನಗೆ ಅಳು ಬರುತ್ತಿದೆ. ಹಾಳೆಯೂ ಮುಗಿಯಿತು, ಇನ್ನೊಂದು ತೆಗೆಯುತ್ತೇನೆ.

ಅಜ್ಜೀ!

ಹಾಳೆ ಇದ್ದದ್ದು ಟ್ರಂಕಿನಲ್ಲಿ. ನಮಗೆ ಮೇಜಿಲ್ಲ, ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಬರೆಯುತ್ತೇವೆ. ಹಾಳೆಗೆಂದು ಮುಚ್ಚಳ ಎತ್ತಿದೆ. ಎರಡು ಸೆಕೆಂಡಿನಲ್ಲಿ ಸ್ಪೀಕರ್ "ಕೇಳಿಸ್ತಾ ಇದೆಯಾ?" ಎಂದಿತು. ಮುಚ್ಚಿದೆ, ನಿಂತಿತು. ಎತ್ತಿದೆ, ಬಂತು. ಡಬ್ಬಿಯ ಸಿಗ್ನಲ್ಲನ್ನು ತಗಡು ಹೊರಗೆ ಬಿಡುತ್ತಿರಲಿಲ್ಲ. ಚಿತ್ರ ವೈರಿನಲ್ಲಿ ಹೋಗುತ್ತಿತ್ತು, ದನಿ ಒಳಗೇ ಉಳಿಯುತ್ತಿತ್ತು. ರಿಪೇರಿಯನ್ನೆಲ್ಲ ಮಾಡಿದ್ದು ಮುಚ್ಚಳ ತೆರೆದು. ಹಾಲ್‌ನಲ್ಲಿ ಮಾತ್ರ, ಎಂಟು ವರ್ಷದ ಹಾಸ್ಟೆಲ್ ಅಭ್ಯಾಸದಂತೆ, ಕೈ ತಾನಾಗಿಯೇ ಬೀಗ ಹಾಕಿತ್ತು.

ವಾರ್ಡನ್ ಗಿರಿಜಕ್ಕನ ಹತ್ತಿರ ಓಡಿದೆ. "ಡಬ್ಬಿ ಹೊರಗ ಇಡಂಗಿಲ್ಲವ್ವಾ, ರೂಲ್ ಅಂದ್ರ ರೂಲ್," ಎಂದರು. ಆಮೇಲೆ, "ಟ್ರಂಕ್ ತೆರೆದಿಡಬ್ಯಾಡ ಅಂತ ಮಾತ್ರ ಎಲ್ಲೂ ಬರ್ದಿಲ್ಲ ನೋಡು," ಎಂದರು.

ಹಾಗಾಗಿ ನಾಳೆ ನೂರಾ ಎಂಬತ್ತು ಹುಡುಗಿಯರೆದುರು ನನ್ನ ಟ್ರಂಕು ಬಾಯಿ ತೆರೆದು ಕೂರುತ್ತದೆ. ಮುಚ್ಚಳದ ಒಳಗೆ, ರಜೆಗೆ ಎಷ್ಟು ದಿನ ಉಳಿದಿದೆಯೆಂದು ಐದನೇ ಕ್ಲಾಸಿನಿಂದ ಎಳೆದ ಗೀಟುಗಳಿವೆ. ಸೀಟು ಹೋಗುತ್ತದೆಂದು ಮೊನ್ನೆಯೇ ಊರಿಗೆ ಹೊರಡಲು ಮಡಚಿಟ್ಟ ಬಟ್ಟೆಗಳಿವೆ. ಇಷ್ಟು ವರ್ಷ ಯಾರಿಗೂ ತೋರಿಸಿದ್ದಿಲ್ಲ. ನೋಡಲಿ. ನಿಮ್ಮ ಪ್ರಶ್ನೆ ಕೇಳಿಸಿದ ಕೂಡಲೇ ಹಿಂದಿನ ಸಾಲಿನಿಂದ "ಕೇಳಸ್ತೈತ್ರೀ ಅಜ್ಜೀ, ಜರಾ ಕಮ್ಮಿ ಮಾಡ್ರಿ!" ಎಂದು ಕೂಗುವುದಾಗಿ ಫರ್ಜಾನಾ ಮಾತು ಕೊಟ್ಟಿದ್ದಾಳೆ.

ನಿಮ್ಮಲ್ಲಿ ಒಂದೇ ವಿನಂತಿ. ಇದನ್ನು ಓದಿದ ಕೂಡಲೇ, ಆ ಡಬ್ಬಿಯ ಅಡಿಯಲ್ಲಿ ಅಳಿಸದ ಶಾಯಿಯಿಂದ 'ಮುಚ್ಚಿಡಬೇಡಿ' ಎಂದು ಬರೆದುಬಿಡಿ. ಎರಡು ವಾರಗಳ ನನ್ನ ಕಣ್ಣೀರು ತಪ್ಪುತ್ತದೆ.

ಈಗಷ್ಟೇ ತಿರುಗಿಸಿ ನೋಡಿದೆ. ಅಲ್ಲಿ ಏನೂ ಇಲ್ಲ. ನೀವಿನ್ನೂ ಬರೆದಿಲ್ಲ, ಅಜ್ಜಿ.

ನಿಮ್ಮ
ಸುನಯನಾ