ಮಣ್ಣು ಬಿಟ್ಟ ಉಸಿರು

ಹುಲಗೂರು,
18 ನವೆಂಬರ್ 1985

ಪ್ರೊಫೆಸರ್ ಸಾಹೇಬರಿಗೆ ಕ್ಷೇತ್ರ ಸಹಾಯಕ ಪರಮೇಶಪ್ಪನ ನಮಸ್ಕಾರಗಳು.

ಈ ತಿಂಗಳ ಅಳತೆಗಳನ್ನು ಕಳಿಸಿದ್ದೇನೆ. ಪಟ್ಟಿಯಲ್ಲಿ ಹುಲ್ಲಿನ ತೂಕದ ಜಾಗ ಖಾಲಿ ಇದೆ. ಬೇಲಿಯೊಳಗಿನ ಒಣಹುಲ್ಲನ್ನು ನಾನೇ ಕೊಯ್ದು ಊರಿನ ಕುರಿಗಾರ್ತಿ ಅಡಿವೆವ್ವನ ಕುರಿಗಳಿಗೆ ಕೊಟ್ಟೆ.

ನಾವು ಬೇಲಿ ಹಾಕಿದ ಗೋಮಾಳದ ಆ ತುಂಡಿಗೆ ಕುರಿ ಬಿಡಬೇಡ, ಹುಲ್ಲು ಅಲ್ಲೇ ಕೊಳೆತರೆ ಮಣ್ಣಿಗೆ ಕಸುವು ಬರುತ್ತದೆ ಎಂದು ಆಕೆಯನ್ನು ಒಪ್ಪಿಸಿದವನು ನಾನು. ಮೂರು ವರ್ಷ ಆಕೆ ಒಂದು ಮರಿಯನ್ನೂ ಬಿಡಲಿಲ್ಲ. ಮಣ್ಣು ಕಪ್ಪಾಗತೊಡಗಿತ್ತು.

ಈ ವರ್ಷ ಮಳೆ ಬಂದದ್ದು ಒಂದೇ ದಿನ. ಮರುದಿನ ಮಣ್ಣಿನ ಮೇಲೆ ಡಬ್ಬಿ ಮುಚ್ಚಿಟ್ಟು, ಅದು ಬಿಡುವ ಇಂಗಾಲದ ಗಾಳಿ ಅಳೆದೆ. ಹಿಂದಿನ ತಿಂಗಳಿನ ಎರಡರಷ್ಟು ಬಂತು. ಹೊಸ ಹುಲ್ಲು ಮಾತ್ರ ಚಿಗುರಲಿಲ್ಲ.

“ಏನ್ ಬರದ್ರಿ?” ಎಂದು ನಾನು ಅಂಕಿ ಬರೆದುಕೊಳ್ಳುವುದನ್ನು ನೋಡಿ ಅಡಿವೆವ್ವ ಕೇಳಿದಳು.

“ಕೂಡಿಟ್ಟದ್ದನ್ನ ಮಣ್ಣು ಗಾಳಿಗೆ ಬಿಡಾಕತ್ತೈತಿ ಯವ್ವಾ.”

“ಹಂಗಾದ್ರ ನನ್ನ ಕುರಿ ಯಾಕ ಉಪವಾಸ ಇರಬೇಕ್ರಿ?”

ನಾನು ಹೋಗಿ ಕುಡಗೋಲು ತಂದೆ. ಅರ್ಧ ಕೊಯ್ಯುವಷ್ಟರಲ್ಲಿ ಕೈ ಸೋತು, ಬುಡ ಉಳಿಸದೆ ನೆಲಕ್ಕೆ ತಾಗಿಸಿ ಕೊಯ್ಯತೊಡಗಿದ್ದೆ. ಆಕೆಯೇ ತಡೆದಳು. “ಬುಡಾ ಬಿಡ್ರಿ. ಮುಂದಿನ ವರ್ಷಕ್ಕ ಬೇಕಲ್ಲ,” ಎಂದಳು.

ದಯವಿಟ್ಟು ಆ ಖಾಲಿ ಜಾಗದಲ್ಲಿ ಅಂದಾಜಿನ ಅಂಕಿ ಬರೆಯಬೇಡಿ. ಕುರಿಗೆ ಕೊಟ್ಟದ್ದು ಎಂದೇ ಬರೆಯಿರಿ. ನನ್ನ ಜಾಗಕ್ಕೆ ಬೇರೆಯವರನ್ನು ಕಳಿಸುವುದಾದರೆ ಅವರು ಬರುವವರೆಗೆ ಡಬ್ಬಿಗಳನ್ನು ನಾನು ನೋಡಿಕೊಳ್ಳುತ್ತೇನೆ. ಅವರಿಗೆ ಒಂದು ಮಾತು ಹೇಳಿ ಕಳಿಸಿ: ಮಳೆ ಬರುವ ಮುಂಚೆ ಅಡಿವೆವ್ವನಿಗೆ ಯಾವ ಭರವಸೆಯನ್ನೂ ಕೊಡುವುದು ಬೇಡ.

ತಮ್ಮ ವಿಧೇಯ,
ಪರಮೇಶಪ್ಪ